ಬಸಮ್ಮನ ಪುಸ್ತಕಕ್ಕೆ ಹೊಣೆ ಯಾರು?

ಗೆಳೆಯರೇ, ವೆಬ್‌ಸೈಟಿನವರು ಕಳೆದ ತಿಂಗಳು ಕೊಟ್ಟ ಮಾತು: ಪುಸ್ತಕದ ಫೈಲ್ ತೆಗೆಯುತ್ತೇವೆ, ಮತ್ತೆ ಬಾರದಂತೆ ತಡೆಯುತ್ತೇವೆ. ಇವತ್ತು ಹೇಳಿದ್ದು: ಅದು ನಮ್ಮ ಜವಾಬ್ದಾರಿಯೇ ಅಲ್ಲ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಯಾದಗಿರಿಯ ಬಸಮ್ಮ ತಮ್ಮ ಬದುಕಿನ ಕಥೆ ಬರೆದರು. ನಾವು ಕಾರ್ಮಿಕ ಸಂಘದವರು ಅಚ್ಚು ಹಾಕಿಸಿ ಫ್ಯಾಕ್ಟರಿ ಗೇಟುಗಳಲ್ಲಿ ಮಾರಿದೆವು. ಈಗ ಇಡೀ ಪುಸ್ತಕ ಫೈಲ್ ಹಂಚುವ ವೆಬ್‌ಸೈಟೊಂದರಲ್ಲಿ ಬಿಟ್ಟಿ ಸಿಗುತ್ತಿದೆ. ಇನ್ನು ಯಾರು ಕೊಳ್ಳುತ್ತಾರೆಂದು ಎರಡನೇ ಮುದ್ರಣಕ್ಕೆ ಪ್ರೆಸ್‌ನವರು ಒಲ್ಲೆ ಎಂದಿದ್ದಾರೆ.

ಬಸಮ್ಮನೂ ನಾನೂ ಇಂದು ವೈಟ್‌ಫೀಲ್ಡ್‌ನಲ್ಲಿರುವ ಆ ವೆಬ್‌ಸೈಟಿನವರ ಕಚೇರಿಗೆ ಹೋದೆವು. ಮ್ಯಾನೇಜರ್ ಅಂದ: "ಯಾರೋ ಯೂಸರ್ ಹಾಕಿದ್ದು ಮೇಡಂ. ನಾವು ಬರೀ ಜಾಗ ಕೊಡ್ತೀವಿ ಅಷ್ಟೇ."

ಬಸಮ್ಮ ಬಿಡಲಿಲ್ಲ. "ಅಂಗಡಿ ನಿಮ್ದು, ಜಾಹೀರಾತು ನಿಮ್ದು. ಕದ್ದ ಮಾಲಷ್ಟ ಯಾರ್ದೋ ಅಂತೀರೇನ್ರೀ ಸಾಹೇಬ್ರ?"

"ನೀವೇ ಬರೆದಿದ್ದು ಅನ್ನೋಕೆ ಪ್ರೂಫ್ ಬೇಕಲ್ವಾ? ಇಡೀ ಪುಸ್ತಕ ನಮ್ಮ ಸೈಟಿಗೆ ಅಪ್‌ಲೋಡ್ ಮಾಡಿ."

"ಕದ್ದಾಂವಗ ಏನೂ ಕೇಳಂಗಿಲ್ಲ, ಬರ್ದಾಕಿಗೆ ಸಾಕ್ಷಿ ಕೇಳ್ತೀರಲ್ರೀ!"

ನಾಚಿಕೆಗೆಟ್ಟವರು! ತಿಂಗಳ ಹಿಂದೆಯೇ ದೂರು ಕೊಟ್ಟಿದ್ದೇವೆ. ಗೊತ್ತಿರಲಿಲ್ಲ ಎನ್ನುವ ನೆಪವೂ ಇವರಿಗೆ ಉಳಿದಿಲ್ಲ. ಗೊತ್ತಿದ್ದೂ ಇಟ್ಟುಕೊಂಡವನು ಕಳ್ಳತನದ ಪಾಲುದಾರ. ಇನ್ನು ಕೋರ್ಟಿನಲ್ಲೇ ಕೇಳುತ್ತೇವೆ.

ವಕೀಲರ ಜೊತೆ ಸಭೆ ಬೊಮ್ಮನಹಳ್ಳಿಯ ಸಂಘದ ಕೋಣೆಯಲ್ಲಿ. ಬಿಟ್ಟಿ ಇಳಿಸಿಕೊಂಡು ಓದಿದವರೂ ಬನ್ನಿ, ಎಲ್ಲಿ ಸಿಕ್ಕಿತೆಂದು ಸಾಕ್ಷಿ ಹೇಳಿದರೆ ಸಾಕು: ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.