ದೀಪ ಹಚ್ಚುವ ಮುಂಚಿನ ಹೆಪ್ಪು

ಮರಾಠಿ ನಾಡಿನ ನಿಗಡಿಯ ಒಂದು ವಸತಿ ಸೊಸೈಟಿಯಲ್ಲಿ ಕೊಳಚೆ ನೀರು ತಿಳಿ ಮಾಡುವ ಘಟಕ ನೋಡಿಕೊಳ್ಳುವವನು ನಾನು. ನಿಜವಾಗಿ ನೀರು ತಿಳಿ ಮಾಡುವುದು ನಾನಲ್ಲ, ತೊಟ್ಟಿಯೊಳಗಿನ ಸೂಕ್ಷ್ಮಜೀವಿಗಳು. ಈ ಸಲ ದೀಪಾವಳಿಗೆ ಮನೆಮನೆಯವರೂ ಫಿನಾಯಿಲ್, ಆ್ಯಸಿಡ್ ಸುರಿದು ಬಚ್ಚಲು ತಿಕ್ಕಿದರು. ಬಚ್ಚಲು ಹೊಳೆದವು, ನನ್ನ ಜೀವಿಗಳು ಸತ್ತವು. ಹಾಗೇ ಬಿಟ್ಟರೆ ಹೊಲಸು ನೀರು ಹಿಂದಿನ ನಾಲೆ ಹಿಡಿದು ಪವನಾ ನದಿ ಸೇರುತ್ತಿತ್ತು.

ಟೆಂಪೋ ಹತ್ತಿ ಪಕ್ಕದ ಸೊಸೈಟಿಗೆ ಓಡಿದೆ. ಅವರ ತೊಟ್ಟಿಯ ಜೀವಂತ ಕೆಸರು ತಂದು ಸುರಿದರೆ ನಮ್ಮದೂ ಚೇತರಿಸಿಕೊಳ್ಳುತ್ತದೆ. ಅಲ್ಲಿನ ಸೆಕ್ರೆಟರಿ ಒಬ್ಬ ಹಿರಿಯ ಹೆಂಗಸು. ನನ್ನ ಮರಾಠಿ ಕೇಳಿ ನಕ್ಕು, ಕನ್ನಡದಲ್ಲೇ ಮಾತಿಗಿಳಿದರು.

"ಧಾರವಾಡದವರೇನ್ರಿ? ಹಂಗಾರ ಹೆಪ್ಪು ಬೇಕಾಗೇದ ಅನ್ರಿ!"

ಆಮೇಲೆ ಮುಳುಗುತ್ತಿದ್ದ ಸೂರ್ಯನನ್ನು ನೋಡಿದರು. "ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಂಗಿಲ್ರಿ. ಲಗೂ ತುಂಬ್ಕೋರಿ, ಅಲ್ಲೀತನಕ ನಾ ದೀಪ ಹಚ್ಚಂಗಿಲ್ಲ."

ಪಂಪು ಕೆಸರೆತ್ತುವಷ್ಟು ಹೊತ್ತೂ ಆಕೆ ಕಡ್ಡಿಪೆಟ್ಟಿಗೆ ಹಿಡಿದು ಕತ್ತಲಲ್ಲೇ ನಿಂತರು. ಹೊತ್ತು ಮುಳುಗುವ ಮೊದಲು ಹೆಪ್ಪಿಗೆಂದು ನನ್ನನ್ನು ನೆರೆಮನೆಗೆ ಓಡಿಸುತ್ತಿದ್ದ ಅವ್ವ ನೆನಪಾದಳು. ಹೆಪ್ಪು ಇಸಕೊಂಡ ನೆರೆಯವರ ಬಟ್ಟಲನ್ನು ಅವಳೆಂದೂ ಖಾಲಿ ಕಳಿಸಿದವಳಲ್ಲ, ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಿದ್ದಳು.

ಕೆಸರು ತುಂಬಿಕೊಂಡು ಬಂದ ಡ್ರಮ್ಮುಗಳು ಆಕೆಯವೇ. ನಮ್ಮ ತೊಟ್ಟಿಗೆ ಜೀವ ಬಂದ ಮೇಲೆ ಅವನ್ನು ತೊಳೆದು, ಘಟಕದ ತಿಳಿನೀರು ತುಂಬಿ, ಆಕೆಯ ಮಲ್ಲಿಗೆ ಬಳ್ಳಿಗೆಂದು ಕಳಿಸಿದೆ.

ಊರಿಗೆ ಫೋನ್ ಮಾಡಿ ಅವ್ವನಿಗೆ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಎಲ್ಲಾ ಕೇಳಿ ಅವಳು ಅಂದಳು: "ಶೀ! ಮನೀಗೆ ಬಂದು ಜಳಕಾ ಮಾಡಿದ್ಯೋ ಇಲ್ಲೋ? ಬಚ್ಚಲಿಗೆ ಒಂದೀಟು ಫಿನಾಯಿಲ್ ಹಾಕು."