ಗಿರಣಿಯ ಪಾಳಿ

ಚಿಕ್ಕೋಡಿಯಲ್ಲಿ ನಮ್ಮ ಓಣಿಯ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಕಾಕಾ, ಪಾಳಿಗೆ ಇಟ್ಟ ಡಬ್ಬಿಗಳನ್ನು ತಮಗೆ ತಿಳಿದಂತೆ ಹಿಂದೆಮುಂದೆ ಮಾಡುತ್ತಿದ್ದರು. ಯಾರಾದರೂ ತಕರಾರು ತೆಗೆದರೆ, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು, "ಮಾತಾಡ್ಕೋತ ಕುಂದರ್ರಿ, ಪಾಳಿ ಬರತೈತಿ" ಎನ್ನುವರು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮನೆಯಲ್ಲೇ ಹೊಲಿಗೆ ಶುರುಮಾಡಿದ್ದೆ. ಗಿರಾಕಿಗಳಿರಲಿಲ್ಲ. ಇನ್ನೊಂದು ತಿಂಗಳು ನೋಡಿ ಮಷೀನು ಮಾರುವುದೆಂದು ಮನೆಯಲ್ಲಿ ಮಾತಾಗಿದ್ದು ಓಣಿಗೆಲ್ಲ ಗೊತ್ತಾಗಿತ್ತು. ಅದೇ ವಾರ ಕಾಕಾ ನನ್ನ ಡಬ್ಬಿಯನ್ನು ಕನ್ಯಾಶಾಲೆಯಲ್ಲಿ ಕಲಿಸುವ ಅಕ್ಕೋರ ಡಬ್ಬಿಯ ಹಿಂದೆ ಸರಿಸಿದರು.

"ಕಾಕಾ, ನಂದ ಮೊದಲ ಇತ್ತಲ್ರಿ!"

"ಗೋಧಿ ಮುಗೀಲಿ ಯವ್ವಾ, ಆಮ್ಯಾಲ ನಿನ್ನ ಜ್ವಾಳ. ಅಕ್ಕೋರ ಜೋಡಿ ಮಾತಾಡ್ಕೋತ ಕುಂದರ."

ಸಿಟ್ಟಿನಿಂದಲೇ ಕುಳಿತೆ. ಅಕ್ಕೋರು ನನ್ನ ಕುಪ್ಪಸದ ತೋಳು ಮುಟ್ಟಿ ನೋಡಿದರು. "ಇಷ್ಟ ಚೊಲೋ ಯಾರ ಹೊಲದಾರವಾ? ನಮ್ಮ ಹುಡುಗ್ಯಾರ ಯೂನಿಫಾರ್ಮಿಗೆ ಒಬ್ಬರೂ ಸಿಗವಲ್ರು."

"ನಾನ ಹೊಲದೀನ್ರಿ" ಎಂದೆ.

ಮುಂದಿನ ವಾರ ನಲವತ್ತು ಹುಡುಗಿಯರ ಬಟ್ಟೆ ನಮ್ಮ ಮನೆಗೆ ಬಂತು. ಆಮೇಲೆ ಅವರ ತಾಯಂದಿರೂ ಬಂದರು.

ವರ್ಷದ ನಂತರ ಒಮ್ಮೆ ಗಿರಣಿಗೆ ಹೋದಾಗ ಹತ್ತು ಡಬ್ಬಿ ಸಾಲಿನಲ್ಲಿದ್ದವು. ಕಾಕಾ ನನ್ನದನ್ನು ಎತ್ತಿ ಎಲ್ಲಕ್ಕಿಂತ ಮುಂದಿಟ್ಟರು. ಕಾಯುತ್ತಿದ್ದವರು ಗುಣುಗುಟ್ಟಿದರು.

"ಆಕೀದು ಇಲ್ಲಿ ಕುಂದರೋ ಕೆಲಸ ಮುಗದೈತಿ" ಎಂದರು ಕಾಕಾ. "ನೀವ ಮಾತಾಡ್ಕೋತ ಕುಂದರ್ರಿ."