ಹತ್ತಿ ನೋಡದ ಏಣಿ

ಕೆಲಸಕ್ಕೆ ಸೇರಿದ ಮೊದಲ ದಿನವೇ ತೂಕದಣ್ಣನ ಹೆಸರು ಅವಳ ಕಿವಿಗೆ ಬಿತ್ತು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮರದ ಏಣಿ ಮಾಡುವ ಕಾರ್ಖಾನೆಯಲ್ಲಿ ಏಣಿಯ ತುದಿಗಳಿಗೆ ಗೋಣಿಬಟ್ಟೆ ಸುತ್ತಿ ಹಗ್ಗ ಬಿಗಿಯುವ ಕೆಲಸ. ಮೊದಲ ಏಣಿಗೆ ಕೈ ಹಾಕಿದ್ದೇ ತಡ, ಪಕ್ಕದವಳು ಕೈಗೆ ಪಟ್ಟನೆ ಹೊಡೆದಳು.

"ಅಯ್ಯೋ, ಮುಟ್ಬೇಡ ಕಣೇ! ತೂಕದಣ್ಣ ಇನ್ನೂ ಹತ್ತಿಲ್ಲ."

"ಯಾರದು ತೂಕದಣ್ಣ?"

"ಬರ್ತಾನೆ ನೋಡು. ಬಂದ ಮೇಲೆ ಕೇಳೋದೇ ಬೇಡ."

ಬಂದ. ಬಾಗಿಲಲ್ಲಿ ಓರೆಯಾಗಿ ನುಸುಳಬೇಕಾದಂಥ ಮೈ. ಇವನನ್ನು ಹೊತ್ತ ಏಣಿ ಯಾರನ್ನಾದರೂ ಹೊರುತ್ತದೆ ಎಂದು ಹಳೆಯ ಯಜಮಾನರು ಮೈ ನೋಡಿಯೇ ಕೆಲಸ ಕೊಟ್ಟಿದ್ದರಂತೆ. ಒಂದೊಂದು ಮೆಟ್ಟಿಲಿಗೂ ಎರಡು ಸಲ ಕಾಲು ಕುಟ್ಟಿ ಮೇಲೇರುವನು, ಇಳಿದು ಕೆಳಗಿನ ಮೆಟ್ಟಿಲ ಅಡಿಗೆ ಮೊಳೆಯಲ್ಲಿ ಒಂದು ಗೀಟು ಎಳೆಯುವನು. ಹೊಸಬಳು ಉಪಕಾರವಾಗಲಿ ಎಂದು ಏಣಿಯ ಬುಡ ಹಿಡಿದಳು.

"ಕೈ ತೆಗಿ ತಂಗಿ. ನೀನು ಹಿಡಿದ್ರೆ ನಿನ್ನ ತೋಳು ಗಟ್ಟಿನೋ ಇಲ್ವೋ ಗೊತ್ತಾಗುತ್ತೆ, ಏಣಿದು ಗೊತ್ತಾಗಲ್ಲ."

ಅಂದಿನಿಂದ ಅವನು ಅವಳ ಪಾಲಿಗೆ ತಲೆನೋವಾದ. ಅವನು ಹತ್ತಿ ಇಳಿದು ಮುಗಿಸುವ ತನಕ ಕಟ್ಟುವಂತಿಲ್ಲ, ಕಟ್ಟುವ ತನಕ ಹೊರಡುವಂತಿಲ್ಲ. ವಾರದಲ್ಲಿ ಮೂರು ದಿನ ಸಂಜೆಯ ಬಸ್ಸು ಅವಳ ಕಣ್ಣೆದುರೇ ಹೊರಟುಹೋಗುತ್ತಿತ್ತು. ಹೀಗೆ ಹದಿನಾಲ್ಕು ವರ್ಷ.

"ಅಣ್ಣಾ, ಒಂದು ಏಣಿ ಹತ್ತದಿದ್ರೆ ಆಕಾಶ ಕಳಚಿ ಬೀಳುತ್ತಾ?"

"ಆಕಾಶ ಬೀಳಲ್ಲ ತಂಗಿ. ಬಣ್ಣ ಹೊಡೆಯೋನು ಬೀಳ್ತಾನೆ."

ಬಸ್ಸಿಗೆಂದು ಇಬ್ಬರೂ ಒಟ್ಟಿಗೆ ನಡೆಯುವ ದಾರಿಯಲ್ಲೂ ಅದೇ ಗೋಳು. ಯಾರಾದರೂ ಏಣಿಯ ಮೇಲೆ ನಿಂತಿದ್ದರೆ ಬಗ್ಗಿ ಗೀಟು ಹುಡುಕುವನು. ಕಂಡರೆ, ಮಗಳನ್ನು ಗಂಡನ ಮನೆಯಲ್ಲಿ ನೋಡಿದ ಅಪ್ಪನಂತೆ ಮುಖ ಅರಳುವುದು. "ನಮ್ದು! ಇಳಿಯಪ್ಪಾ ಸ್ವಲ್ಪ, ಓರೆ ಇಟ್ಟಿದೀಯ," ಎಂದು ಬುಡ ಸರಿಸಿಯೇ ಮುಂದಿನ ಹೆಜ್ಜೆ. ಅಷ್ಟರಲ್ಲಿ ಇನ್ನೊಂದು ಬಸ್ಸೂ ಹೋಗಿರುತ್ತಿತ್ತು.

ಆಮೇಲೆ ಹಳೆಯ ಯಜಮಾನರ ಮಗನ ಕಾಲಕ್ಕೆ ಗುಣಮಟ್ಟದ ಸಾಹೇಬ ಬಂದ. ಅವನ ಹಿಂದೆ ಒಂದು ದೊಡ್ಡ ಬೋರ್ಡೂ ಬಂತು: ಗುಣಮಟ್ಟ ನಮ್ಮೆಲ್ಲರ ಹೊಣೆ. ಅದನ್ನು ಗೋಡೆಗೆ ಹೊಡೆಯಲು ಬಂದವನು, ಏಣಿ ಕಾರ್ಖಾನೆಗೆ, ಬೇರೆ ಕಡೆಯಿಂದ ಕಬ್ಬಿಣದ ಏಣಿ ಹೊತ್ತು ತಂದಿದ್ದ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ನಗು ಹೆಚ್ಚು ದಿನ ಬಾಳಲಿಲ್ಲ. ಇನ್ನು ಮೇಲೆ ಇಪ್ಪತ್ತು ಏಣಿಗೆ ಒಂದನ್ನು ಹತ್ತಿದರೆ ಸಾಕು, ಇಪ್ಪತ್ತಕ್ಕೂ ಚೀಟಿ ತುಂಬಬೇಕು ಎಂದಾಯಿತು. ಚೀಟಿಯಲ್ಲಿ ಎರಡು ಚೌಕ: ಸರಿ, ಸರಿಯಿಲ್ಲ. ತೂಕದಣ್ಣ ಒಂದಕ್ಕೆ 'ಸರಿ' ಹಾಕಿ, ಉಳಿದ ಹತ್ತೊಂಬತ್ತರ ಮೇಲೆ ದಪ್ಪ ಅಕ್ಷರದಲ್ಲಿ 'ಹತ್ತಿಲ್ಲ' ಎಂದು ಬರೆದ. ಸಾಹೇಬ ಚೀಟಿಗಳನ್ನು ಹಿಡಿದು ಓಡಿ ಬಂದ.

"ಏನ್ರೀ ಇದು? ಇರೋದು ಎರಡೇ ಚೌಕ. ಇದೆಲ್ಲಿಂದ ಬಂತು?"

"ಹತ್ತಿಲ್ಲ ಸಾರ್, ಅದಕ್ಕೆ ಹಾಗೆ ಬರೆದೆ."

"ಒಂದು ಸರಿ ಇದ್ರೆ ಎಲ್ಲಾ ಸರಿ ಅಂತಾನೇ ಪದ್ಧತಿ!"

"ಹಾಗಾದ್ರೆ ಆ ಹತ್ತೊಂಬತ್ತರಲ್ಲಿ ನಿಮ್ಮ ಮನೆಗೆ ಯಾವ್ದು ಕಟ್ಟಿಸ್ಲಿ, ಹೇಳಿ."

ಸಾಹೇಬ ಕೆಂಪಾದ. ತೂಕದಣ್ಣ ಊಟದ ಹೊತ್ತಿನಲ್ಲಿ ಡಬ್ಬಿ ಮುಚ್ಚಿಟ್ಟು ಕದ್ದು ಹತ್ತತೊಡಗಿದ. ಅದಕ್ಕೂ ನೋಟೀಸು ಬಂತು, ಪದ್ಧತಿ ಮೀರಿ ಪರೀಕ್ಷೆ ಮಾಡಿದ್ದಾನೆಂದು. ಇನ್ನೊಂದು ನೋಟೀಸು ಬಂದರೆ ಮನೆಗೆ ಎಂದರು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಅವಳಿಗೆ ರೇಗಿಹೋಯಿತು.

"ಹಾಕಿ ಬಿಸಾಕಣ್ಣಾ ಒಂದು ಗುರುತು! ಅವರಿಗೇ ಬೇಡ ಅಂದ್ಮೇಲೆ ನಿನಗ್ಯಾಕೆ ಈ ಉರಿ?"

ಮರುದಿನದಿಂದ ಅವನು ಕುರ್ಚಿಯಲ್ಲಿ ಕೂತು ಇಪ್ಪತ್ತಕ್ಕೆ ಇಪ್ಪತ್ತೂ ಗುರುತು ಹಾಕಿದ. ಹತ್ತಬೇಕಾದ ಆ ಒಂದನ್ನೂ ಹತ್ತಲಿಲ್ಲ. ಯಾರೂ ಕೇಳಲಿಲ್ಲ, ಚೀಟಿ ಸರಿಯಾಗಿತ್ತಲ್ಲ. 'ಈ ಸಂಸ್ಥೆ ನನ್ನದು ಎನಿಸುತ್ತದೆ' ಎಂಬ ಮಾತಿಗೆ ನೌಕರರ ಅಭಿಪ್ರಾಯ ಕೇಳುವ ಹಾಳೆ ಹಂಚಿದಾಗ ಓದದೆಯೇ 'ಪೂರ್ತಿ ಒಪ್ಪುತ್ತೇನೆ' ಎಂದು ಗುರುತು ಹಾಕಿದ. ಆ ತಿಂಗಳ ಉತ್ತಮ ನೌಕರ ಎಂದು ಎದೆಗೆ ಬಿಲ್ಲೆ ಚುಚ್ಚಿದರು.

ಅವಳಿಗೆ ಬಸ್ಸು ದಿನಾ ಸಿಗತೊಡಗಿತು. ಕಿಟಕಿಯ ಪಕ್ಕದ ಜಾಗವೇ ಸಿಕ್ಕರೂ ಏನೂ ಹಿತವಿಲ್ಲ. ಒಂದು ಸಂಜೆ ಬೀದಿಯಲ್ಲಿ ಒಬ್ಬ ಬಣ್ಣದವನು ಏಣಿಯನ್ನು ತೀರಾ ಓರೆಯಾಗಿಟ್ಟು ತುದಿಯಲ್ಲಿ ನಿಂತಿದ್ದ. ತೂಕದಣ್ಣ ಬಗ್ಗಿ ನೋಡಲೂ ಇಲ್ಲ, ದಾಟಿ ಹೋದ. ಅವಳೇ ನಿಂತು, "ಇಳಿಯೋ ಮಾರಾಯಾ, ಸಾಯ್ತೀಯ!" ಎಂದು ಕೂಗಿ ಬುಡ ಸರಿಸಬೇಕಾಯಿತು. ಬಸ್ಸು ಹೋಯಿತು. ಯಾರ ಮೇಲೆ ಸಿಟ್ಟಾಗಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ನಿವೃತ್ತಿಯ ದಿನ ಬೋರ್ಡಿನ ಕೆಳಗೆ ಸಭೆ. ಸಾಹೇಬ ಭಾಷಣ ಮಾಡಿ, ಕೆಂಪು ರಿಬ್ಬನ್ ಕಟ್ಟಿದ ಹೊಸ ಏಣಿಯೊಂದನ್ನು ಕಾಣಿಕೆ ಎಂದು ಗೋಡೆಗೆ ಒರಗಿಸಿದ. "ನಾಲ್ಕು ಮೆಟ್ಟಿಲು ಹತ್ತಿ ನಿಲ್ಲಿ, ಫೋಟೋ ತೆಗೀತೀವಿ."

ತೂಕದಣ್ಣ ಬಗ್ಗಿ ಕೆಳಗಿನ ಮೆಟ್ಟಿಲ ಅಡಿ ಬೆರಳಾಡಿಸಿದ. ಗೀಟು ಇರಲಿಲ್ಲ. ಚೀಟಿ ಇತ್ತು. 'ಸರಿ'ಯ ಚೌಕದಲ್ಲಿ ಗುರುತು, ಕೆಳಗೆ ಅವನದೇ ಸಹಿ. ಕ್ಯಾಮೆರಾದವನು ಕಾಯುತ್ತಿದ್ದ, ಎಲ್ಲರೂ ಚಪ್ಪಾಳೆಗೆ ಕೈ ಎತ್ತಿ ನಿಂತಿದ್ದರು. ಅವನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ, ತೆಗೆದ. ಹೆಂಗಸರ ಸಾಲಿನಲ್ಲಿ ಅವಳನ್ನು ಹುಡುಕಿ, ಬಳಿಗೆ ಕರೆದು ಮೆಲ್ಲಗೆ ಕೇಳಿದ:

"ತಂಗಿ, ಬುಡ ಸ್ವಲ್ಪ ಹಿಡ್ಕೋತೀಯಾ?"